ಸುಂಡಿಲಿ ಇಲ್ಲದ ನಾಲ್ಕು ತಾಲ್ಲೂಕು

ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಬಸಂತರಾಯ ಬಿರಾದಾರ ಮಾಸ್ತರರಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಸೀಮೆಸುಣ್ಣ ಮುರಿದರೆ ಸಿಟ್ಟು. ಗ್ರಹಣದ ದಿನ ಕೊಡದ ನೀರು ಚೆಲ್ಲುವವರನ್ನು ಕಂಡರೆ ಸಿಟ್ಟು. ಪಠ್ಯಪುಸ್ತಕದ ಕಪ್ಪೆಗೆ ಗಿಣಿಯ ಹಸಿರು ಬಳಿದ ಚಿತ್ರಕಾರನ ಮೇಲೆ, ಅವನು ಯಾರೆಂದು ತಿಳಿಯದೆಯೇ, ಒಂದು ಇಡೀ ಮಳೆಗಾಲ ಸಿಟ್ಟು ಮಾಡಿಕೊಂಡಿದ್ದರು. ಆದರೆ ಇವೆಲ್ಲ ಪೈಲವಾನರು ಬೆಳಿಗ್ಗೆದ್ದು ಹೊಡೆಯುವ ಬೈಠಕ್ಕುಗಳಿದ್ದಂತೆ. ನಿಜವಾದ ಕುಸ್ತಿ ಬಂದದ್ದು ತೊಂಬತ್ತೆಂಟರ ಸಂಕ್ರಾಂತಿ ಕಳೆದ ಮೇಲೆ, ಅಂಚೆಯಲ್ಲಿ, ಸುರುಳಿ ಸುತ್ತಿದ ನಕ್ಷೆಯ ರೂಪದಲ್ಲಿ.

ಅದು ಸುಂಡಿಲಿಗಳ ನಕ್ಷೆ. ಸುಂಡಿಲಿಯನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಉದ್ದ ಮೂತಿ, ಸಾಸಿವೆಯಂಥ ಕಣ್ಣು, ಗೋಡೆಯ ಬುಡವನ್ನು ಬಿಟ್ಟು ಅಂಗೈಯಗಲ ಆಚೆ ಬಾರದ ಓಟ, ಓಡುವಾಗ ತುಕ್ಕು ಹಿಡಿದ ಕೀಲಿನಂಥ ದನಿ, ಓಡಿಹೋದ ಮೇಲೂ ಅಲ್ಲೇ ನಿಂತಿರುವ ವಾಸನೆ. ಇಂಥ ಪ್ರಾಣಿಯ ಯಾವ ಯಾವ ಜಾತಿ ದೇಶದ ಯಾವ ಯಾವ ಸೀಮೆಯಲ್ಲಿದೆ ಎಂದು ದೂರದ ಒಂದು ಸಂಸ್ಥೆಯವರು ತಾಲ್ಲೂಕು ತಾಲ್ಲೂಕಿಗೆ ಬಣ್ಣ ಹಚ್ಚುತ್ತ ಬರುತ್ತಿದ್ದರು. ಮನೆಯ ಸುಂಡಿಲಿಗೆ ಕಂದು ಬಣ್ಣ. ಮಾಸ್ತರರು ಸ್ಟಾಫ್ ರೂಮಿನ ಮೇಜಿನ ಮೇಲೆ ನಕ್ಷೆಯನ್ನು ಹರಡಿ, ನಾಲ್ಕು ಮೂಲೆಗೆ ನಾಲ್ಕು ಮಸಿದೌತಿ ಇಟ್ಟು, ನೋಡಿದರು.

ಕಂದು ಬಣ್ಣ ಸೊಲ್ಲಾಪುರದ ಕಡೆಯಿಂದ ದಂಡೆತ್ತಿ ಬಂದು ಭೀಮೆಯ ದಂಡೆಯಲ್ಲಿ ನಿಂತಿತ್ತು. ಗುಲಬರ್ಗಾದ ಕಡೆಯಿಂದ ಬಂದದ್ದು ಗಡಿಯಲ್ಲಿ ನಿಂತಿತ್ತು. ತೆಂಕಣದಿಂದ ಬಂದದ್ದು ಕೃಷ್ಣೆಯನ್ನು ದಾಟಿರಲಿಲ್ಲ. ಪಡುವಲಿನ ವಿಜಾಪುರ ತಾಲ್ಲೂಕು ಕಂದು. ನಟ್ಟನಡುವೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮಾತ್ರ ತೊಳೆದ ತಾಟಿನಂತೆ ಬೆಳ್ಳಗೆ! ಬಿಳಿ ಬಣ್ಣದ ಅರ್ಥವನ್ನು ಕೆಳಗೆ ಕೊಟ್ಟಿದ್ದರು: ‘ಹುಡುಕಿದೆ, ಇಲ್ಲ.’

"ಅಭಿನಂದನ್ರಿ ಬಿರಾದಾರ ಸರ್," ಎಂದರು ಡ್ರಾಯಿಂಗ್ ಮಾಸ್ತರ ಹಣಮಂತ್ರಾಯ, ಹೆಗಲ ಮೇಲಿಂದ ಇಣುಕಿ. "ನಮ್ಮ ಸೀಮ್ಯಾಗ ಸುಂಡಿಲಿನ ಇಲ್ಲಂತ. ಹಂಗಾರ ನಿನ್ನಿ ನಿಮ್ಮ ಚಪ್ಪಲಿ ಮ್ಯಾಲೆ ಹಾದು ಹೋದದ್ದು ಯಾರ್ರಿ? ಸಾಲಿ ತಪಾಸಣಿಗೆ ಬಂದ ಸಾಹೇಬರೇನು?"

"ನಗಬ್ಯಾಡ್ರಿ, ಹಣಮಂತ್ರಾಯ. ಇದು ನಗೂ ಮಾತಲ್ಲ."

"ನಗಾಕತ್ತಿಲ್ರಿ. ಈ ನಕ್ಷಾನ ಜೂನಿನಾಗ ಗೋಡೆಪಟ ಆಗಿ ಎಲ್ಲಾ ಸಾಲಿಗೂ ಬರತೈತಂತ. ನೀವ ಅದರ ಕೆಳಗ ನಿಂತು ಪಾಠ ಮಾಡಾವ್ರು."

ಮಾಸ್ತರರ ಎದೆಗೆ ನಾಟಿದ್ದು ಈ ಮಾತು. ಇಪ್ಪತ್ತು ವರ್ಷ ಅವರು ಒಂದೇ ಪಾಠ ಹೇಳಿಕೊಂಡು ಬಂದಿದ್ದರು: ಪುಸ್ತಕ ಆಮೇಲೆ, ಮೊದಲು ಕಣ್ಣು; ಕಂಡದ್ದನ್ನು ಬರೆ, ಕಾಣದ್ದನ್ನು ಬರೆಯಬೇಡ. ಇನ್ನು ಮುಂದೆ ಅದೇ ಬಾಯಿಂದ ‘ನಮ್ಮ ತಾಲ್ಲೂಕಿನಲ್ಲಿ ಸುಂಡಿಲಿ ಇಲ್ಲ’ ಎಂದು ಕಲಿಸಬೇಕು. ಕಲಿಸುವಾಗ ಹಿಂದಿನ ಬೆಂಚಿನ ಕೆಳಗೆ ಅದು ಚೀಂಯ್ ಎನ್ನಬೇಕು. ಪರೀಕ್ಷೆಯಲ್ಲಿ ‘ಇದೆ’ ಎಂದು ಬರೆದ ಮಗುವಿನ ಉತ್ತರಕ್ಕೆ ಅವರೇ ಕೆಂಪು ಗೀಟು ಎಳೆಯಬೇಕು. ಅವರ ಜೀವಮಾನದ ಮಾಸ್ತರಿಕೆಯನ್ನು ಅಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಡಸ್ಟರ್ ಸಿಗಲಾರದು.

ನೋವಿನ ಇನ್ನೊಂದು ಮುಖವೆಂದರೆ, ಆ ಹುಡುಕಾಟಕ್ಕೆ ಹಾರೆ ಗುದ್ದಲಿ ಹೊತ್ತವರೇ ಅವರು. ಹಿಂದಿನ ಗಣಪತಿ ಹಬ್ಬಕ್ಕೆ ಸಂಸ್ಥೆಯ ಹುಡುಗರು ವ್ಯಾನು ತುಂಬಿಕೊಂಡು ಬಂದಾಗ ನಾಲ್ಕೂ ತಾಲ್ಲೂಕುಗಳಲ್ಲಿ ಬೋನು ಇಡಲು ಮನೆಗಳನ್ನು ಗೊತ್ತು ಮಾಡಿಕೊಟ್ಟಿದ್ದರು. ದಿನವನ್ನು ಆರಿಸಿದ್ದೂ ಅವರೇ. ಕಾಲೇಜಿಗೂ ರಜೆ, ಸಾಲಿಗೂ ರಜೆ, ಎಲ್ಲ ಮನೆಯಲ್ಲೂ ಜನ. ಹಬ್ಬದ ಸಂಜೆ ನಾಲ್ಕೂ ಕಡೆ ಒಟ್ಟಿಗೆ ಬೋನು ಇಡುವುದು, ಮರುದಿನ ಬೆಳಿಗ್ಗೆ ಒಟ್ಟಿಗೆ ನೋಡುವುದು. ಅದು ಶಾಸ್ತ್ರೀಯ ಪದ್ಧತಿ. ಮಾಸ್ತರರು ಇಂಡಿಯ ತಂಡದ ಜೊತೆ ಲಿಂಬೆ ತೋಟವೊಂದರಲ್ಲಿ ತಂಗಿ, ಖಾಲಿ ಬೋನುಗಳನ್ನು ಕಂಡು, ಉಳಿದ ಮೂರು ಕಡೆಯಾದರೂ ಸಿಕ್ಕಿದ್ದಾವು ಎಂದುಕೊಂಡು ಮನೆಗೆ ಬಂದಿದ್ದರು.

ಅವರು ಸಂಸ್ಥೆಗೆ ಬರೆದ ಪತ್ರ ಪತ್ರವಾಗಿರಲಿಲ್ಲ, ತೋಪಾಗಿತ್ತು. ಉತ್ತರ ಬಂತು, ತಣ್ಣಗೆ. ಸುಂಡಿಲಿ ಒತ್ತಟ್ಟಿಗಿರಲಿ, ನಿಮ್ಮ ನಾಲ್ಕು ತಾಲ್ಲೂಕಿನ ಬೋನುಗಳಲ್ಲಿ ಒಂದು ಇಲಿ ಕೂಡ ಬಿದ್ದಿರಲಿಲ್ಲ. ಬಹುಶಃ ಔಷಧ ಸಿಂಪಡಣೆ ಹೆಚ್ಚಿರಬೇಕು. ಆದರೂ ಅಚ್ಚಿಗೆ ಹೋಗುವ ಮುಂಚೆ ನಮ್ಮ ಒಬ್ಬರು ಯುಗಾದಿಯ ಸುಮಾರಿಗೆ ಬರುತ್ತಾರೆ. ನಮ್ಮದೇ ಬೋನಿನಲ್ಲಿ, ಅದರ ವಾಸದ ಜಾಗದಲ್ಲೇ ಸಿಕ್ಕು, ನಮ್ಮ ಕೈಯಿಂದ ಅಳತೆಯಾದರೆ ಮಾತ್ರ ಬಣ್ಣ.

"ಇಲಿ ಕೂಡ ಇಲ್ಲಂತ!" ಮಾಸ್ತರರು ಮನೆಯ ಪಡಸಾಲೆಯಲ್ಲಿ ಗುಡುಗಿದರು. "ಜ್ವಾಳದ ನಾಡಿನಾಗ! ತೊಗರಿ ಪ್ಯಾಟ್ಯಾಗ! ಇಲಿ ಇಲ್ಲಂತ ಬರದಾವ ಒಮ್ಮಿ ನಮ್ಮ ಬಾಜಾರದಾಗ ಚೀಲ ಹೊತ್ತಾನೇನು?"

ಒಳಗೆ ಅವರ ತಾಯಿ ಬಾಳಮ್ಮ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮಗ ಗುಡುಗಿದರೆ ಮಾತಿಗೊಂದು ಮಾತು ಕೊಡುವುದು ಅವಳ ರೂಢಿ. ಅಂದು ಏನೂ ಅನ್ನದೆ ಮೊರವನ್ನು ಮಾತ್ರ ಸ್ವಲ್ಪ ಜೋರಾಗಿ ಕೊಡವಿದಳು.

ಹುಡುಗರು ಬೋನಿಗೆ ತಿನಿಸು ಇಡದೆ ಮಲಗಿರಬೇಕು, ಇಲ್ಲವೆ ಯಾರೋ ಬೇಕೆಂದೇ ಕೆಡಿಸಿರಬೇಕು. ಅಪರಾಧಿಯನ್ನು ಹಿಡಿದೇ ತೀರುವೆನೆಂದು ಮಾಸ್ತರರು ರವಿವಾರ ತಮ್ಮ ಲೂನಾ ಗಾಡಿ ಏರಿದರು. ಏರಿನಲ್ಲಿ ಪೆಡಲು ತುಳಿಯಬೇಕಾದ ಆ ವಾಹನ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡ ಮುಟ್ಟುವ ಹೊತ್ತಿಗೆ ಗಾಡಿಗಿಂತ ಹೆಚ್ಚು ಹೊಗೆ ಮಾಸ್ತರರಿಂದ ಬರುತ್ತಿತ್ತು. ಅಲ್ಲಿ ಬೋನು ಇಟ್ಟದ್ದು ಶಂಕ್ರೆವ್ವನ ಮನೆಯಲ್ಲಿ. ಕುರಿ ಸಾಕಿದ ಮನೆ. ಹಿರಿಯಾಳು ಶಂಕ್ರೆವ್ವ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕುಳಿತಿದ್ದಳು.

"ಶಂಕ್ರೆವ್ವ, ಖರೇ ಹೇಳು. ಅವತ್ತ ಬೋನಿನಾಗ ಏನರ ಬಿದ್ದಿತ್ತೋ ಇಲ್ಲೋ?"

"ಬಿದ್ದಿತ್ರಿ."

ಮಾಸ್ತರರು ಕಟ್ಟೆಯ ಮೇಲೆ ಕುಳಿತರು. "ಏನು ಬಿದ್ದಿತ್ತು?"

"ಸುಂಡಿಲಿ. ಮೂತಿ ಹೊರಗ ಹಾಕಿ ನನ್ನ ಕಡೀನ ನೋಡಾಕತ್ತಿತ್ತು."

"ಮತ್ತ ಇಲ್ಲಂತ ಯಾಕ ಹೇಳಿದಿ?"

"ನಾ ಎಲ್ಲಿ ಹೇಳೀನ್ರಿ? ಅವ್ರು ಬಂದ್ರು, ಬೋನು ನೋಡಿದ್ರು, ಖಾಲಿ ಇತ್ತು, ಬರಕೊಂಡ್ರು. ಖಾಲಿ ಇದ್ದದ್ದು ಖರೇನ ಐತೆಲ್ರಿ."

"ಖಾಲಿ ಮಾಡಿದವ್ರು ಯಾರು?"

ಶಂಕ್ರೆವ್ವ ಕದಿರು ನಿಲ್ಲಿಸಿದಳು. "ಮಾಸ್ತರ, ಅವತ್ತ ಏನಿತ್ತು ಹೇಳ್ರಿ ನೋಡೂಣು."

"ಏನಿತ್ತು? ಗಣಪತಿ ಕೂತ ಮರುದಿನ."

"ಗಣಪತಿ ಕೂತ ಮರುದಿನಕ್ಕ ಏನಂತೀವ್ರಿ?"

ಮಾಸ್ತರರ ಬಾಯಿ ತೆರೆಯಿತು. ಇಲಿವಾರ! ಗಣಪತಿಯ ಹಬ್ಬದ ಮರುದಿನ ಅವನ ವಾಹನದ ಹಬ್ಬ. ಅಂದು ಈ ಸೀಮೆಯಲ್ಲಿ ಕತ್ತರಿ, ಸೂಜಿ, ಕುಡುಗೋಲು ಮುಟ್ಟುವಂತಿಲ್ಲ, ಮಗ್ಗ ಆಡುವಂತಿಲ್ಲ. ಮೂಲೆಯಲ್ಲಿ ಕಡುಬು ಇಟ್ಟು ಕೈಮುಗಿದರೆ ಇಲಿರಾಯ ವರ್ಷವಿಡೀ ಬಟ್ಟೆ, ಕಾಳು ಕಡಿಯದೆ ಉಪಕಾರ ಮಾಡುತ್ತಾನೆ. ಅಂಥ ಪರ್ವದ ಬೆಳಿಗ್ಗೆ ಹಬ್ಬದ ದೇವರನ್ನೇ ಹಿಡಿದು ಜೈಲಿಗೆ ಹಾಕುವ ಏರ್ಪಾಟನ್ನು ನಾಲ್ಕು ತಾಲ್ಲೂಕಿನ ಮನೆಮನೆಗೆ ಹಂಚಿ ಬಂದ ಮಹಾಪುರುಷರು ಯಾರು?

"ಬಾಗಿಲಾ ತಗದು, ತಪ್ಪಾತಪ್ಪಾ ಅಂದು, ಕಡುಬು ಕೊಟ್ಟು ಕಳಿಸಿದೆ," ಎಂದಳು ಶಂಕ್ರೆವ್ವ. "ಇಲ್ಲಂದ್ರ ನನ್ನ ಕಂಬಳಿ ಉಳೀತಿದ್ವೇನ್ರಿ?"

"ಆ ಹುಡುಗರಿಗೆ ಒಂದ ಮಾತು ಹೇಳಬೇಕಿಲ್ಲೇನು?"

"ಪರಊರಿಂದ ಬಂದ ಮಕ್ಕಳು. ನಿಮಗ ಹಬ್ಬದ ಖಬರಿಲ್ಲ ಅಂತ ಮಾರಿ ಮ್ಯಾಲೆ ಅನ್ನಾಕ ಬರತೈತೇನ್ರಿ? ಚಾ ಕುಡಿಸಿ ಕಳಿಸಿದೆ. ನಿಮ್ಮ ಹೆಸರ ಬ್ಯಾರೆ ಹೇಳಿದ್ರು, ಅದಕ್ಕ ನಿಮ್ಮ ಮರ್ಯಾದೀನೂ ಕಾದೆ."

"ಶಂಕ್ರೆವ್ವ!" ಮಾಸ್ತರರೊಳಗಿನ ವಿಜ್ಞಾನ ಕೊನೆಗೂ ಎದ್ದು ನಿಂತಿತು. "ಸುಂಡಿಲಿ ಇಲೀನ ಅಲ್ಲ! ಅದರ ಕುಲಾನ ಬ್ಯಾರೆ. ಹುಳ ತಿಂತೈತಿ, ಜಿರಳಿ ತಿಂತೈತಿ. ಅರಿವಿ ಕಡಿಯೂದಿಲ್ಲ!"

"ಹಂಗೇನ್ರಿ?" ಶಂಕ್ರೆವ್ವ ಕದಿರನ್ನು ಮತ್ತೆ ತಿರುಗಿಸಿದಳು. "ಅರಿವಿ ಕಡಿಯೋ ಕಳ್ಳಗ ಕಡಬು ಕೊಡ್ತೀವಿ. ಏನೂ ಮಾಡದವಗ ಬೋನು ಹಾಕಬೇಕಂತೀರಿ. ಎಂಥಾ ನ್ಯಾಯ ಕಲಸ್ತೀರಿ ಸಾಲ್ಯಾಗ?"

ಬಸವನ ಬಾಗೇವಾಡಿಯಲ್ಲಿ ಬೋನು ಇಟ್ಟದ್ದು ಟೇಲರ್ ಮೋದಿನಸಾಬನ ಅಂಗಡಿಯಲ್ಲಿ. ಇವನಾದರೂ ಇಲಿವಾರದ ಹೊರಗಿನವನು ಎಂಬ ಆಸೆಯಿಂದ ಮಾಸ್ತರರು ಅಲ್ಲಿಗೆ ಹೋದರು. ಮೋದಿನಸಾಬ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದ, "ನಾನೂ ಅವತ್ತ ಕತ್ತರಿ ಹಿಡಿಯೂದಿಲ್ರಿ, ಸರ್. ಅರಿವಿ ಯಾರದಂತ ಇಲಿಗೇನ ಗೊತ್ತಾಗತೈತಿ? ನನ್ನ ಬೋನಿನಾಗ ಸುಂಡಿಲಿ, ಅದರ ಬಾಜೂಕ ಇಲಿ, ಎರಡೂ ಇದ್ದು. ಇಬ್ರಿಗೂ ಸಲಾಂ ಹೇಳಿ ಬಿಟ್ಟೆ." ಇಂಡಿಯ ಲಿಂಬೆ ತೋಟದ ಕಾಳಪ್ಪನಂತೂ, ಮಾಸ್ತರರು ಅವನದೇ ಮನೆಯ ಹೊರಸಿನ ಮೇಲೆ ಗೊರಕೆ ಹೊಡೆಯುತ್ತಿದ್ದಾಗಲೇ ಬೋನುಗಳನ್ನು ತೋಟದ ಬದುವಿಗೆ ಒಯ್ದು, ಬಿಟ್ಟು, ತೊಳೆದು, ತಂದು, ಇದ್ದ ಜಾಗದಲ್ಲೇ ಇಟ್ಟಿದ್ದ.

ಸಿಂದಗಿಗೆ ಮರಳುವ ದಾರಿಯಲ್ಲಿ ಮಾಸ್ತರರಿಗೆ ಹೊಳೆದದ್ದು ಇಷ್ಟು: ಸಿಂದಗಿಯ ಬೋನು ಇದ್ದದ್ದು ತಮ್ಮ ಮನೆಯ ಅಡುಗೆಮನೆಯಲ್ಲಿ.

"ಅವ್ವಾ," ಎಂದರು ಹೊಸ್ತಿಲಲ್ಲೇ ನಿಂತು, "ನೀನೂ?"

"ನಾನ ಮೊದಲು," ಎಂದಳು ಬಾಳಮ್ಮ. "ನನ್ನ ನೋಡಿ ಓಣಿಯವ್ರು ಬಿಟ್ರು. ಹಬ್ಬದ ದಿನ ಕಡಬು ತಿಂದಿ, ಮರುದಿನಕ್ಕ ಬೋನು ತರಿಸಿದಿ. ಮಗ ಓದಿ ಶ್ಯಾಣ್ಯಾ ಆಗ್ಯಾನಂತ ಊರಿಗೆ ಹೇಳಿ ನಾ ಬಾಯಿ ಮುಚಗೊಂಡೆ. ಇಷ್ಟ ದಿನಾ ಮುಚಗೊಂಡೇನಿ."

ಹೊರಗಿನ ವೈರಿಗಳೆಲ್ಲ ಹೀಗೆ ಕೈತಪ್ಪಿ ಹೋದ ಮೇಲೆ ಸಿಟ್ಟಿಗೆ ಒಂದು ಮನೆ ಬೇಡವೇ? ಅದು ಮೊದಲು ಮಾಸ್ತರರ ಮೇಲೆಯೇ ಕುಳಿತಿತು, ಅಲ್ಲಿ ಅರೆಘಳಿಗೆಯೂ ನಿಲ್ಲಲಾರದೆ ಮತ್ತೆ ಸಂಸ್ಥೆಯ ಕಡೆ ಹಾರಿತು. ತಪ್ಪು ದಿನವನ್ನು ತಾವು ಆರಿಸಿರಬಹುದು. ಆದರೆ ನಾಲ್ಕು ತಾಲ್ಲೂಕಿನಲ್ಲಿ ಒಂದು ಇಲಿಯೂ ಇಲ್ಲ ಎಂದಾಗ, ಬೋನಿಗೆ ಏನೋ ಆಗಿದೆ ಎಂದು ಅನುಮಾನಿಸದೆ ನಾಡಿಗೇ ಏನೋ ಆಗಿದೆ ಎಂದು ನಂಬಿದವರು ಯಾರು? ಬೆಂಚಿನ ಮೇಲೆ ನಿಲ್ಲಿಸಬೇಕಾದವರು ಯಾರು?

ಯುಗಾದಿಗೆ ಮುಂಚೆ ಸಂಸ್ಥೆಯ ಭುವನೇಶ್ವರಿ ಬಂದಳು. ಮೈಸೂರು ಕಡೆಯ ಹುಡುಗಿ, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ತಕ್ಕಡಿ, ಮಾತು ಮೆತ್ತಗೆ. ಅವಳಿಗೆ ಸಿಂದಗಿಯಲ್ಲಿ ಒಂದೇ ದಿನದ ಬಿಡುವು. ಅವಳು ಬರುತ್ತಾಳೆಂದು ಮಾಸ್ತರರು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ ಡಂಗುರ ಹೊಡೆದದ್ದರ ಫಲ ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕಾಣಿಸಿತು. ಸುಂಡಿಲಿಗಳು ಬಂದಿದ್ದವು. ಎಣ್ಣೆಯ ಡಬ್ಬಿಯಲ್ಲಿ, ತೂತು ಕೊರೆದ ಕೊಡದಲ್ಲಿ, ಗಂಟು ಕಟ್ಟಿದ ಪಂಚೆಯಲ್ಲಿ, ಬಾಯಿ ಹೊಲಿದ ಗೊಬ್ಬರದ ಚೀಲದಲ್ಲಿ. ಊರಿನ ಮಾನ ಉಳಿಸಲು ಬಂದ ಆ ಸೈನ್ಯದ ವಾಸನೆಗೆ ಓಣಿಯ ಎಮ್ಮೆಗಳು ಗೂಟ ಕಿತ್ತುಕೊಳ್ಳಲು ನೋಡುತ್ತಿದ್ದವು.

"ಕ್ಷಮಿಸಿ," ಎಂದಳು ಭುವನೇಶ್ವರಿ, ಮೂಗಿಗೆ ಕರವಸ್ತ್ರ ಹಿಡಿದು. "ಇವು ಎಲ್ಲಿ ಸಿಕ್ಕವು ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ತಗೊಳ್ಳೋಕಾಗಲ್ಲ."

"ನಮ್ಮ ಮಾತು ಅಂದ್ರ ಮಾತಲ್ಲೇನ್ರಿ, ಬಾಯಾರ?" ಎಂದ ಕುರಿಗಾರ ಮಾಳಿಂಗ, ಕೆರಳಿ. "ಸುಳ್ಳ ಹೇಳಾಕ ನಾವೇನು ಇಲೆಕ್ಷನ್‌ಗೆ ನಿಂತೇವೇನು? ನೋಡ್ರಿ, ಎರಡು ತಂದೇನಿ. ಒಂದು ಇಲ್ಲಿದು, ಒಂದು ಸೊಲ್ಲಾಪುರ ಕಡೆ ಕುರಿ ಹೊಡಕೊಂಡು ಹೋದಾಗಿಂದು."

"ಯಾವುದು ಎಲ್ಲಿಯದು?"

ಮಾಳಿಂಗ ಚೀಲದೊಳಗೆ ಇಣುಕಿ ಬಹಳ ಹೊತ್ತು ನೋಡಿದ. "ಅದು ಈಗ ಅವಕ್ಕ ಗೊತ್ತ್ರಿ."

ಸೈನ್ಯ ಅಲ್ಲಿಗೆ ಸೋತಿತು. ಇನ್ನು ಉಳಿದದ್ದು ಭುವನೇಶ್ವರಿ ಹಿಂದಿನ ಸಂಜೆ ತನ್ನ ಕೈಯಾರೆ ಬಾಳಮ್ಮನ ಅಡುಗೆಮನೆಯಲ್ಲಿ ಇಟ್ಟಿದ್ದ ಬೋನು. ಇಡುವಾಗ ಬಾಳಮ್ಮ ಮೂರು ಕರಾರು ಹಾಕಿದ್ದಳು: ಕೊಲ್ಲಬಾರದು, ಸೂಜಿ ಚುಚ್ಚಬಾರದು, ಉಪವಾಸ ಕಳಿಸಬಾರದು. ಮಾಸ್ತರರು ಅವ್ವನ ಕಾಲ ಬಳಿ ಕುಳಿತು ಬೇಡಿಕೊಂಡಿದ್ದರು, "ಅವ್ವಾ, ಈ ಸಲ ಬಿಡಬ್ಯಾಡ. ಬಿಟ್ಟಿ ಅಂದ್ರ ನಾಳಿಂದ ನಾ ಸಾಲ್ಯಾಗ ಸುಳ್ಳ ಹೇಳಿ ಪಗಾರ ತಗೋಬೇಕು."

ಎಲ್ಲರೂ ಒಳಗೆ ಹೋದರು. ಬಾಳಮ್ಮ ಬೋನಿನ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಳು. ಬೋನಿನ ಬಾಗಿಲು ಬಿದ್ದಿತ್ತು. ತಂತಿಯ ಸಂದಿಯಿಂದ ಉದ್ದ ಮೂತಿಯೊಂದು ಹೊರಬಂದು ಲೋಕದ ವಾಸನೆ ನೋಡುತ್ತಿತ್ತು.

"ಎರಡ ಸಲ ಕೈ ಬಾಗಲಿಗೆ ಹೋತು," ಎಂದಳು ಬಾಳಮ್ಮ ಮಗನಿಗೆ. "ಎರಡ ಸಲಾನೂ ನಿನ್ನ ಮಾರಿ ನೆನಪಾತು. ಲಗೂ ಅಳೀರಿ, ಪಾಪ, ಅದರ ಎದಿ ಡವಗುಟ್ಟಾಕತ್ತೈತಿ."

ಭುವನೇಶ್ವರಿ ಬಟ್ಟೆಯ ಚೀಲಕ್ಕೆ ಇಳಿಸಿ ತೂಗಿದಳು. ಬಾಲ ಅಳೆದಳು, ಹಿಂಗಾಲು ಅಳೆದಳು, ಚಿತ್ರ ತೆಗೆದಳು. ಅಷ್ಟರಲ್ಲಿ ಸುಂಡಿಲಿ ತನ್ನ ಪರಿಮಳದ ಮುದ್ರೆಯನ್ನು ಮಾಸ್ತರರ ಹೊಸ ಅಂಗಿಗೆ ಒತ್ತಿತು. ಅವರು ಆ ಅಂಗಿಯನ್ನು ಸಂಜೆಯವರೆಗೆ ಬದಲಿಸಲಿಲ್ಲ. ಗೆದ್ದ ಪೈಲವಾನ ಮೈಯ ಕೆಮ್ಮಣ್ಣು ಕೂಡಲೇ ತೊಳೆದುಕೊಳ್ಳುತ್ತಾನೆಯೇ? ಭುವನೇಶ್ವರಿ ಗುಲಬರ್ಗಾ ಬಸ್ಸು ಹತ್ತುವ ಮುಂಚೆ ಅಳೆಯುವ ವಿಧಾನವನ್ನು ಮಾಸ್ತರರಿಗೆ ಕಲಿಸಿ, ತನ್ನ ಬೋನು, ತಕ್ಕಡಿ ಅವರಲ್ಲೇ ಬಿಟ್ಟಳು. "ಉಳಿದ ತಾಲ್ಲೂಕುಗಳಲ್ಲಿ ನೀವೇ ಹಿಡಿದು, ಬೋನಿನಲ್ಲಿರುವಾಗಲೇ ಚಿತ್ರ ತೆಗೆದು ಕಳಿಸಿ ಸರ್. ಮುಂದಿನ ಅಚ್ಚಿಗೆ ಸೇರಿಸ್ತೀವಿ," ಎಂದಳು. ಅದರ ಅರ್ಥ ಮಾಸ್ತರರ ತಲೆಗೆ ಹೋಗಲಿಲ್ಲ. ವಿಜಯದ ವಾಸನೆ ಅಷ್ಟು ಗಾಢವಾಗಿತ್ತು.

ಅರ್ಥ ಜೂನಿನಲ್ಲಿ ಬಂತು, ಗೋಡೆಪಟದ ಜೊತೆ. ಸಿಂದಗಿ ಕಂದಾಗಿತ್ತು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮೊದಲಿನಂತೆಯೇ ಬೆಳ್ಳಗೆ, ‘ಹುಡುಕಿದೆ, ಇಲ್ಲ.’ ತೊಳೆದ ಧೋತರದ ಮೇಲೆ ಒಂದೇ ಒಂದು ಚಹಾದ ಕಲೆ ಬಿದ್ದಂತಿತ್ತು ನಾಡು. ಮಾಸ್ತರರು ಪಟವನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿ ಹಾಕಿದರು. ಹೆಡ್ ಮಾಸ್ತರರು ಕರೆದು ಕೇಳಿದಾಗ ಹೇಳಿದರು, "ಸರ್, ಕಾಲು ಭಾಗ ಖರೇ ಐತಿ, ಮುಕ್ಕಾಲು ಸುಳ್ಳೈತಿ. ಪೂರಾ ಖರೇ ಆಗೂತನಾ ಮಕ್ಕಳು ಹಿಂದಿನ ಬಿಳಿ ಹಾಳಿ ನೋಡ್ಲಿ. ಬೇಕಾದ್ರ ನನಗ ಮೆಮೊ ಕೊಡ್ರಿ." ಹೆಡ್ ಮಾಸ್ತರರು ಮೆಮೊ ಕೊಟ್ಟರು. ಮಾಸ್ತರರು ಅದನ್ನೂ ಪಟದ ಪಕ್ಕದಲ್ಲೇ ಅಂಟಿಸಿದರು.

ಆದರೆ ಅಂದಿನ ನಿಜವಾದ ಕೋಪಾವತಾರ ಸಾಲೆಯಲ್ಲಿ ಆಗಲಿಲ್ಲ, ಮನೆಯಲ್ಲಿ ಆಯಿತು. ಪಟದ ಕೆಳಗೆ ಸಣ್ಣ ಅಕ್ಷರದಲ್ಲಿ, ಯಾವ ತಾಲ್ಲೂಕಿನಲ್ಲಿ ಎಲ್ಲಿ ಸಿಕ್ಕಿತು ಎಂದೂ ಅಚ್ಚು ಹಾಕಿದ್ದರು. ಸಿಂದಗಿಯ ಎದುರು: ‘ಬಾಳಮ್ಮ ಬಿರಾದಾರ ಅವರ ಅಡುಗೆಮನೆ.’ ಈ ಸುದ್ದಿಯನ್ನು ಹೊತ್ತು ತಂದವಳು ಪಕ್ಕದ ಮನೆಯ ಸೀತವ್ವ.

"ಏನ ಬಾಳಕ್ಕಾ, ನಿನ್ನ ಅಡಗಿಮನಿ ಹೆಸರು ಎಲ್ಲಾ ಸಾಲಿ ಗೋಡಿಗೆ ಹಾಕ್ಯಾರಂತಲ್ಲ! ನಾಕು ತಾಲೂಕಿನಾಗ ಸುಂಡಿಲಿ ಇರೂದು ನಿಮ್ಮನ್ಯಾಗ ಅಷ್ಟ ಅಂತ!"

ಮಾಸ್ತರರು ಮನೆಗೆ ಬಂದಾಗ ಬಾಳಮ್ಮ ಅಂಗಳದ ನಡುವೆ ನಿಂತಿದ್ದಳು. ಮಗನ ಸಿಟ್ಟು ಎಲ್ಲಿಂದ ಬಂದದ್ದು ಎಂದು ಊರಿಗೆ ಆ ದಿನ ಗೊತ್ತಾಯಿತು.

"ದಿನಾ ಮೂರ ಸಲ ಕಸಾ ಹೊಡೀತೇನಿ! ವಾರಕ್ಕೊಮ್ಮಿ ಸಾರಸ್ತೇನಿ! ನನ್ನ ಅಡಗಿಮನಿ ಒಂದ ಹೊಲಸು, ಇಂಡಿಯವ್ರದು ಗುಡಿ, ನಾಲತವಾಡದವ್ರದು ಮಠ, ಹೌದಿಲ್ಲೋ? ಆ ಶಂಕ್ರೆವ್ವನ ಮನ್ಯಾಗ ಇದ್ದಿದ್ದು ಏನು, ಮೊಲಾ? ಎಲ್ಲಾರೂ ಬಿಟ್ರು, ಎಲ್ಲಾರೂ ಪಾರಾದ್ರು. ಮಗನ ಮಾರಿ ನೋಡಿ ಹಿಡದಾಕಿ ನಾನು, ನನ್ನ ಹೆಸರ ಅಷ್ಟ ಗೋಡಿಗೆ!"

"ಅವ್ವಾ, ಅದು ಗೌರವದ..."

"ಗೌರವ ನೀನ ಇಟಗೋ. ಬೋನು ತಗೀ. ತಕ್ಕಡಿ ತಗೀ. ಗಾಡಿ ಚಾಲೂ ಮಾಡು."

ಹಬ್ಬವಿಲ್ಲದ ದಿನವೂ ಇಲಿರಾಯನ ಮುನಿಸಿಗೆ ಹೆದರುವ ಅಡುಗೆಮನೆಗಳಿಗೆ ಮಾಸ್ತರರು ಹೋದರೆ ಬೋನು ಖಾಲಿಯಾಗುತ್ತದೆ. ಬಾಳಮ್ಮ ಹೋದರೆ ಖಾಲಿ ಮಾಡುವ ಧೈರ್ಯ ಯಾರಿಗಿದೆ? ಹೀಗೆ ವಿಜ್ಞಾನಕ್ಕೆ ಬೇಕಾಗಿದ್ದ ಒಂದೇ ಒಂದು ಉಪಕರಣ ಲೂನಾದ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬೋನು ಇಟ್ಟುಕೊಂಡು, ಸೆರಗು ಬಿಗಿದು ಕುಳಿತಿತು. ಏರು ಬಂದಾಗ ಮಾಸ್ತರರು ಪೆಡಲು ತುಳಿದರು. ಉಳಿದ ದಾರಿಯನ್ನು ಗಾಡಿ ಬಾಳಮ್ಮನ ಸಿಟ್ಟಿನಿಂದಲೇ ಓಡಿತೆಂದರೂ ನಂಬಬಹುದು.

ಇಂಡಿಯಲ್ಲಿ ಕಾಳಪ್ಪನ ಹೆಂಡತಿ ಸಾವಂತ್ರವ್ವ ನಗುತ್ತ ಎದುರುಗೊಂಡಳು. ಬಾಳಮ್ಮ ನೀರು ಕುಡಿದಳು, ಊಟ ಮಾಡಿದಳು, ಲಿಂಬೆಕಾಯಿಯ ಉಪ್ಪಿನಕಾಯಿ ಹೊಗಳಿದಳು, ಬೋನನ್ನು ಒಲೆಯ ಮಗ್ಗುಲಲ್ಲಿಟ್ಟು ಅದರ ಎದುರಿಗೇ ಚಾಪೆ ಹಾಸಿಕೊಂಡಳು. ಬೆಳಿಗ್ಗೆ ಕಾಳಪ್ಪ ರೂಢಿಯಂತೆ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಬಂದವನು ಚಾಪೆಯ ಮೇಲಿದ್ದ ಕಣ್ಣುಗಳನ್ನು ನೋಡಿ ಹಾಗೆಯೇ ಹಿಂದಕ್ಕೆ ಹೋದ.

ಬೋನಿನೊಳಗಿಂದ ಮೂತಿಯೊಂದು ಹೊರಬಂದಿತ್ತು. ಮಾಸ್ತರರು ಎರವಲು ತಂದ ಕ್ಯಾಮೆರಾದಲ್ಲಿ ಮೊದಲು ಚಿತ್ರ ತೆಗೆದರು, ತೂಗಿದರು, ಅಳೆದು ಮತ್ತೆ ಬೋನಿಗೆ ಬಿಟ್ಟರು. ಇನ್ನೊಂದು ತಾಲ್ಲೂಕು ಖರೇ ಆಗುತ್ತಿತ್ತು. ಆಮೇಲೆ ಬಾಳಮ್ಮ ತಾನೇ ಬಾಗಿಲೆತ್ತಿದಳು. ಸುಂಡಿಲಿ ಗೋಡೆಯ ಬುಡ ಹಿಡಿದು ಹಿಟ್ಟಿನ ಡಬ್ಬಿಯ ಹಿಂದೆ ಹೋಯಿತು.

"ಬರಕೋ," ಎಂದಳು ಬಾಳಮ್ಮ ಮಗನಿಗೆ, ಸಾವಂತ್ರವ್ವನ ಮುಖವನ್ನು ತೃಪ್ತಿಯಿಂದ ನೋಡುತ್ತ. "ಹೆಸರು ಪೂರಾ ಬರಕೋ, ಅಡ್ಡಹೆಸರು ಸಹಿತ. ಅಡಗಿಮನಿ ಅನ್ನೂದು ದಪ್ಪಗ ಬರಿ."